ಟಿಕೆಟು ಕೊಂಡವಳ ತೀರ್ಪು

ಎಸ್ಸೆಸ್ಸೆಲ್ಸಿವರೆಗೆ ಓದಿದ ಹೆಂಗಸಿಗೆ ಸಿನಿಮಾದ ಗುಣದೋಷ ಏನು ತಿಳಿಯುತ್ತದೆ ಎಂದು ಕೇಳುವವರನ್ನು ಹುಡುಕಿಕೊಂಡು ನಾನು ದೂರ ಹೋಗಬೇಕಾಗಿಲ್ಲ, ನಮ್ಮ ಮನೆಯಲ್ಲೇ ಇದ್ದಾರೆ. ಯಜಮಾನರು ಪೇಪರಿನ ವಿಮರ್ಶೆ ಓದಿ ತೀರ್ಪು ಕೊಡುತ್ತಾರೆ. ಮಗಳು ಮೊಬೈಲಿನಲ್ಲಿ ನಕ್ಷತ್ರ ಎಣಿಸುತ್ತಾಳೆ. "ಅಮ್ಮನಿಗೆ ಅಳಲಿಕ್ಕೆ ಎರಡು ಸೀನ್ ಇದ್ದರೆ ಆಯ್ತು" ಎಂದು ಇಬ್ಬರೂ ನಗುತ್ತಾರೆ. ನಗಲಿ ಬಿಡಿ.

ಸಿದ್ದಕಟ್ಟೆಯಿಂದ ಮೂಡುಬಿದಿರೆಗೆ ಸಿನಿಮಾಕ್ಕೆ ಹೋಗುವುದೆಂದರೆ ಸುಮ್ಮನೆ ಅಲ್ಲ. ಬೆಳಿಗ್ಗೆಯೇ ಮಧ್ಯಾಹ್ನದ ಅಡುಗೆ ಮುಗಿಸಬೇಕು, ದನಕ್ಕೆ ಹುಲ್ಲು ಹಾಕಬೇಕು, ಅಂಗಳದ ಅಡಿಕೆಗೆ ಮಳೆ ಬಂದರೆ ನೋಡಿಕೊಳ್ಳಿ ಎಂದು ಯಾರಿಗಾದರೂ ಹೇಳಿಡಬೇಕು. ಪಕ್ಕದ ಮನೆಯ ಅಕ್ಕ ಬೀಡಿ ಕಟ್ಟುತ್ತಾರೆ. "ಒಂದು ಟಿಕೆಟೆಂದರೆ ನನಗೆ ಅರ್ಧ ದಿನದ ಬೀಡಿ ಮಾರಾಯ್ತಿ, ಅಷ್ಟು ಬೆಲೆಯ ಸಿನಿಮಾ ಉಂಟಾ ಅದು?" ಎಂದು ಕೇಳಿಯೇ ಹೊರಡುವುದು. ಇದಕ್ಕಿಂತ ಖಡಕ್ಕಾದ ವಿಮರ್ಶಕರು ಯಾರಿದ್ದಾರೆ, ನೀವೇ ಹೇಳಿ.

ನಮ್ಮ ಬಂಟ್ವಾಳ, ಬೆಳ್ತಂಗಡಿ ಕಡೆಯವರಿಗೆ ಈ ಅಭ್ಯಾಸ ಬಂದದ್ದು ಸಿನಿಮಾದಿಂದಲ್ಲ, ಆಟದಿಂದ. ನನ್ನ ತವರು ವೇಣೂರು. ಧರ್ಮಸ್ಥಳ ಮೇಳದ ಆಟವೋ, ಕಟೀಲು ಮೇಳದ ದೇವೀಮಹಾತ್ಮೆಯೋ ಇದ್ದರೆ ಚಾಪೆ ಹಿಡಿದುಕೊಂಡು ಹೋಗಿ ಬೆಳಗಿನವರೆಗೆ ಕೂರುತ್ತಿದ್ದೆವು. ಕತೆ ಎಲ್ಲರಿಗೂ ಬಾಯಿಪಾಠ. ಆದ್ದರಿಂದ ನೋಡುವುದು ಕತೆಯನ್ನಲ್ಲ, ಅದನ್ನು ಹೇಗೆ ಮಾಡಿದರು ಎಂಬುದನ್ನು. ದೊಂದಿಯ ಬೆಂಕಿಯಲ್ಲಿ ಬರುವ ಮಹಿಷಾಸುರನ ಅಬ್ಬರ ಸಾಲದಾಯಿತೇ, ದೇವಿಯ ಮಾತು ಉದ್ದವಾಯಿತೇ, ಭಾಗವತರ ಸ್ವರ ಬಿದ್ದಿತೇ, ಎಲ್ಲವೂ ಮರುದಿನ ಬಾವಿಕಟ್ಟೆಯಲ್ಲಿ ಇತ್ಯರ್ಥವಾಗುತ್ತಿತ್ತು. ಅಕ್ಷರ ಬಾರದ ಅಜ್ಜಿಯಂದಿರೂ ಬಿಡುತ್ತಿರಲಿಲ್ಲ.

ನಾನು ಸಿನಿಮಾದಲ್ಲಿ ಮೊದಲು ನೋಡುವುದು ಅಡುಗೆಮನೆಯನ್ನು. ಬಡವರ ಮನೆಯೆಂದು ತೋರಿಸಿ ಪಾತ್ರೆಗಳು ಹೊಳೆಯುತ್ತಿದ್ದರೆ ನನಗೆ ಅಲ್ಲಿಗೆ ಮುಗಿಯಿತು. ಹಾಸಿಗೆಯಿಂದ ಏಳುವ ನಾಯಕಿಯ ತಲೆಗೂದಲು ಮದುವೆಗೆ ಹೊರಟ ಹಾಗಿದ್ದರೂ ಅಷ್ಟೆ.

೨೦೨೨ರಲ್ಲಿ 'ಕಾಂತಾರ' ಬಂದಾಗ ಅತ್ತೆಯನ್ನೂ ಕರೆದುಕೊಂಡು ಹೋಗಿದ್ದೆ. ಕೋಲ, ಕಂಬಳ, ಕೋಳಿ ಅಂಕ ಎಲ್ಲ ನಮ್ಮದೇ. ಶಿವನ ತಾಯಿ ಕಮಲನಾಗಿ ಮಾನಸಿ ಸುಧೀರ್ ಮಗನಿಗೆ ಬೈಯುವುದನ್ನು ನೋಡಿದರೆ ನಟನೆ ಅನ್ನಿಸುವುದೇ ಇಲ್ಲ, ನಮ್ಮ ಬೀದಿಯಲ್ಲಿ ಅಂಥ ನಾಲ್ಕು ತಾಯಂದಿರಿದ್ದಾರೆ. ಆದರೆ ಶಿವ ಲೀಲಾಳ ಸೊಂಟ ಚಿವುಟಿದಾಗ ಹಿಂದಿನ ಸಾಲಿನ ಹುಡುಗರು ಶಿಳ್ಳೆ ಹಾಕಿದರು, ನನ್ನ ಮಗಳು ಮುಖ ಗಂಟಿಕ್ಕಿದಳು. ನನಗೂ ಅದು ಸೇರಲಿಲ್ಲ. ಬಸ್ಸಿನಲ್ಲಿ ಹಾಗೆ ಮಾಡಿದವನಿಗೆ ನಾವು ಚಪ್ಪಲಿ ತೋರಿಸುತ್ತೇವೆ, ಸಿನಿಮಾದಲ್ಲಿ ಮಾಡಿದರೆ ಅದು ಪ್ರೀತಿಯಾ? ಆ ಲೀಲಾ ಕಷ್ಟಪಟ್ಟು ಅರಣ್ಯ ಇಲಾಖೆಯ ಕೆಲಸ ಹಿಡಿದವಳು. ಇಲಾಖೆಯ ಬೇಲಿ ತನ್ನ ಊರಿಗೇ ಬಂದಾಗ ಅವಳು ಯಾರ ಕಡೆ ನಿಲ್ಲಬೇಕು? ಮನೆಯವರು ಬೈಯುತ್ತಾರೆ, ಕೆಲಸ ಬಿಡುವ ಹಾಗಿಲ್ಲ. ಆ ಸಂಕಟವನ್ನು ಇನ್ನೈದು ನಿಮಿಷ ತೋರಿಸಿದ್ದರೆ ಎರಡು ಹೊಡೆದಾಟ ಕಡಿಮೆಯಾದರೂ ನಾನು ದುಡ್ಡು ವಾಪಸು ಕೇಳುತ್ತಿರಲಿಲ್ಲ.

ಕೊನೆಯ ಗುಳಿಗನ ಆವೇಶಕ್ಕೆ ಮಾತ್ರ ಟಾಕೀಸಿಗೆ ಟಾಕೀಸೇ ಸ್ತಬ್ಧ. ತಿರುಗಿ ನೋಡಿದರೆ ಅತ್ತೆ ಪರದೆಗೆ ಕೈಮುಗಿದು ಕೂತಿದ್ದಾರೆ, ಚಪ್ಪಲಿ ಕುರ್ಚಿಯಡಿಗೆ ಸರಿಸಿದ್ದಾರೆ. ಬಸ್ಸಿನಲ್ಲಿ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಕೇಳಿದರು: "ಸಿನಿಮಾ ಚಂದ ಉಂಟು. ಆದರೆ ದೈವವನ್ನು ಟಿಕೆಟು ಮಾಡಿ ನೋಡ್ಲಿಕ್ಕೆ ಉಂಟಾ?"

ನಟಿಸಿ, ನಿರ್ದೇಶಿಸಿದ ರಿಷಬ್ ಶೆಟ್ಟಿಯವರಿಗೆ ಶ್ರೇಷ್ಠ ನಟನೆಂದು ರಾಷ್ಟ್ರಪ್ರಶಸ್ತಿ ಬಂತು. ನನಗೂ ಖುಷಿಯೇ. ಆದರೆ ಅತ್ತೆಯ ಪ್ರಶ್ನೆಗೆ ಯಾವ ವಿಮರ್ಶೆಯಲ್ಲೂ ಉತ್ತರ ಸಿಗಲಿಲ್ಲ. ಶಿಳ್ಳೆ ಹಾಕುವವರ ನಡುವೆ ಕೈಮುಗಿದು ಕೂತವರನ್ನು ಯಾವ ನಕ್ಷತ್ರದಲ್ಲಿ ಸೇರಿಸುತ್ತಾರೋ! ೨೦೨೫ರ ಅಕ್ಟೋಬರಿನಲ್ಲಿ 'ಕಾಂತಾರ ಅಧ್ಯಾಯ ೧' ಬಂದಾಗ ಕೆಲವರು ದೈವದ ವೇಷ ಹಾಕಿಕೊಂಡೇ ಥಿಯೇಟರಿಗೆ ಬಂದರು. ದೈವದ ಅನುಕರಣೆ ಮಾಡಬೇಡಿ ಎಂದು ಸಿನಿಮಾದವರೇ ಕೇಳಿಕೊಳ್ಳಬೇಕಾಯಿತು. ಅತ್ತೆ ಆ ಸಲ ಬರಲಿಲ್ಲ. "ನೀವು ಹೋಗಿ ಬನ್ನಿ" ಎಂದರು, ಅಷ್ಟೆ.

ಇನ್ನೊಂದು ಸಿನಿಮಾದ ವಿಷಯ ಹೇಳಬೇಕು. ೧೯೭೫ರ 'ಚೋಮನ ದುಡಿ', ನಾನು ಹುಟ್ಟುವ ಮೊದಲಿನದು. ಶಿವರಾಮ ಕಾರಂತರ ಕಾದಂಬರಿ. ನಿರ್ದೇಶಕ ಬಿ.ವಿ. ಕಾರಂತರು ನಮ್ಮ ಬಂಟ್ವಾಳ ತಾಲೂಕಿನ ಮಂಚಿಯಲ್ಲಿ ಹುಟ್ಟಿದವರು. ಸಿನಿಮಾಕ್ಕೆ ಸ್ವರ್ಣಕಮಲ ಬಂತು, ಚೋಮನ ಪಾತ್ರ ಮಾಡಿದ ವಾಸುದೇವ ರಾಯರಿಗೂ ರಾಷ್ಟ್ರಪ್ರಶಸ್ತಿ ಸಿಕ್ಕಿತು. "ಅದು ಅವಾರ್ಡ್ ಪಿಚ್ಚರು, ನಿಮಗೆ ನಿದ್ದೆ ಬರುತ್ತದೆ" ಎಂದರು ಯಜಮಾನರು. ಒಂದು ಮಧ್ಯಾಹ್ನ ಮಗಳ ಮೊಬೈಲನ್ನು ಗೋಡೆಗೆ ಒರಗಿಸಿ ನಾನೂ ಬೀಡಿಯ ಅಕ್ಕನೂ ನೋಡಿದೆವು. ಬಣ್ಣವಿಲ್ಲ, ಹೊಡೆದಾಟವಿಲ್ಲ, ನಿದ್ದೆಯೂ ಬರಲಿಲ್ಲ. ಅಡುಗೆಮನೆಯ ಪರೀಕ್ಷೆಯಲ್ಲಿ ಪೂರ್ತಿ ಅಂಕ. ಸ್ವಂತ ಗದ್ದೆ ಉಳಬೇಕೆಂಬ ಚೋಮನ ಆಸೆ ಅವನ ಜಾತಿಯ ಕಾರಣಕ್ಕೆ ಈಡೇರುವುದಿಲ್ಲ. ಮನೆಯ ಸಾಲ ತೀರಿಸಲು ಮಗಳು ಬೆಳ್ಳಿ ತೋಟಕ್ಕೆ ಹೋಗುತ್ತಾಳೆ. ಸಾಲ ತೀರುತ್ತದೆ, ಆದರೆ ಹೇಗೆ ತೀರಿತೆಂಬುದು ನಮಗೆ ಹೆಂಗಸರಿಗೆ ಬೇಗ ಅರ್ಥವಾಗುತ್ತದೆ. ಚೋಮನ ಮಗ ನೀಲ ನೀರಿನಲ್ಲಿ ಮುಳುಗುವಾಗ ಅವನನ್ನು ಮುಟ್ಟಬಾರದೆಂದು ಜನ ದಡದಲ್ಲೇ ನಿಲ್ಲುತ್ತಾರೆ. ಅಕ್ಕನ ಕೈಯ ಕತ್ತರಿ ಅಲ್ಲಿಗೆ ನಿಂತಿತು. "ದಡದಲ್ಲಿ ನಿಂತವರು ನಮ್ಮಂಥವರೇ ಅಲ್ವಾ?" ಎಂದರು ಮೆಲ್ಲಗೆ. ನಾನು ಹೌದು ಎಂದೆ. ಬೇರೆ ಏನು ಹೇಳಲಿ?

ಆ ದಿನ ಅವರ ಬೀಡಿ ಲೆಕ್ಕಕ್ಕೆ ಕಡಿಮೆಯಾಯಿತು, ಅದರ ಬಗ್ಗೆ ಒಂದು ಮಾತೂ ಆಡಲಿಲ್ಲ. ವಾರದ ಮೇಲೆ ಮೊಸರಿಗೆ ಹೆಪ್ಪು ಕೇಳಲು ಬಂದವರು ಬಾಗಿಲಲ್ಲೇ ನಿಂತು ಕೇಳಿದರು:

"ಚೋಮ ಸತ್ತ ಮೇಲೆ ಆ ಬೆಳ್ಳಿ ಒಬ್ಬಳೇ ಆದಳಲ್ವಾ. ಅವಳು ಎಂಥ ಮಾಡಿದಳೋ ಏನೋ."