ಈರುಳ್ಳಿ ಪಕ್ಕಕ್ಕಿಟ್ಟು

"ಈರುಳ್ಳಿ ಆಗಲ್ವಾ? ಪಕ್ಕಕ್ಕೆ ತೆಗೆದಿಟ್ಟು ಊಟ ಮಾಡ್ಬಿಡಿ." ನೆಂಟರ ಮನೆಯಲ್ಲಿ ಈ ಮಾತು ಕೇಳಿದಾಗಲೆಲ್ಲ ನನಗೆ ಕಸಿವಿಸಿ. ಹೇಳುವವರದು ಅಕ್ಕರೆಯೇ. ಆದರೆ ನನ್ನಂತೆ ಐಬಿಎಸ್ (ಕೆರಳುವ ಕರುಳಿನ ತೊಂದರೆ) ಇರುವವರನ್ನು ಕಾಡುವುದು ಈರುಳ್ಳಿಯ ಚೂರಲ್ಲ, ಅದರೊಳಗಿನ ಫ್ರಕ್ಟಾನ್ ಎಂಬ ಶರ್ಕರಪಿಷ್ಟ. ಅದು ನೀರಿನಲ್ಲಿ ಕರಗುತ್ತದೆ. ಹುಳಿ ಕುದಿದ ಮೇಲೆ ಚೂರು ಹೆಕ್ಕಿ ಏನು ಬಂತು? ಎಣ್ಣೆಯಲ್ಲಿ ಮಾತ್ರ ಕರಗುವುದಿಲ್ಲ. ಹಾಗಾಗಿ ಇಡೀ ಬೆಳ್ಳುಳ್ಳಿ ಎಸಳನ್ನು ಎಣ್ಣೆಯಲ್ಲಿ ಕೆಂಪಗೆ ಹುರಿದು, ಎಸಳು ತೆಗೆದು, ಆ ಎಣ್ಣೆಯಲ್ಲಿ ಒಗ್ಗರಣೆ ಕೊಟ್ಟರೆ ಘಮಕ್ಕೆ ಮೋಸವಿಲ್ಲ, ಹೊಟ್ಟೆಯೂ ಉಬ್ಬರಿಸದು.

ಕೆಲವನ್ನು ಬಿಟ್ಟು ಉಣ್ಣುವ ವಿಷಯದಲ್ಲಿ ನನಗೆ ಧೈರ್ಯ ಕೊಟ್ಟದ್ದು ಉಡುಪಿ ಕಡೆಯ ನಮ್ಮ ಸೋದರತ್ತೆಯ ಅಡುಗೆಮನೆ. ಅತ್ತೆ ಚಾತುರ್ಮಾಸ್ಯ ಹಿಡಿಯುತ್ತಿದ್ದರು. ಮೊದಲ ತಿಂಗಳು ಶಾಕವ್ರತ, ತರಕಾರಿ ಇಲ್ಲ. ಆಮೇಲೆ ಮೊಸರಿಲ್ಲದ ದಧಿವ್ರತ, ಹಾಲಿಲ್ಲದ ಕ್ಷೀರವ್ರತ, ಕೊನೆಗೆ ಬೇಳೆಕಾಳು ಮುಟ್ಟದ ದ್ವಿದಳವ್ರತ. ಶಾಕವ್ರತದಲ್ಲಿ ಅವರು ಮಾಡುತ್ತಿದ್ದ ಸಾರಿಗೆ ಹುಣಸೆಯಿಲ್ಲ, ಮಾವಿನಕಾಯಿ ಹುಳಿ. ಮೆಣಸಿನಕಾಯಿಯಿಲ್ಲ, ಕಾಳುಮೆಣಸು, ಜೀರಿಗೆ. ಬೇಳೆಯೆಂದರೆ ಹೆಸರುಬೇಳೆ, ತೊಗರಿಯಲ್ಲ. ಬಿಸಿ ಅನ್ನಕ್ಕೆ ಆ ಸಾರು, ಮೇಲೊಂದು ಮಿಳ್ಳೆ ತುಪ್ಪ ಬಿದ್ದರೆ, ಏನೋ ಬಿಟ್ಟು ಉಣ್ಣುತ್ತಿದ್ದೇವೆ ಎಂದು ಯಾರಿಗೂ ಅನಿಸುತ್ತಿರಲಿಲ್ಲ. ವ್ರತ ದೇವರಿಗಾಗಿ, ಹೊಟ್ಟೆಗಾಗಿ ಅಲ್ಲ. ಅದನ್ನು ಔಷಧ ಎನ್ನುವ ಉಮೇದು ನನಗಿಲ್ಲ. ನನ್ನ ಮನಸ್ಸು ಹಿಡಿದದ್ದು ಅದರ ಕ್ರಮ. ಒಂದೊಂದಾಗಿ ಬಿಡುವುದು, ಗಡುವು ಮುಗಿದೊಡನೆ ಮತ್ತೆ ಎಲೆಗೆ ತರುವುದು. ಭಾದ್ರಪದದಲ್ಲಿ ಅತ್ತೆಯ ಎಲೆಗೆ ಗಟ್ಟಿ ಮೊಸರು ಮರಳುತ್ತಿತ್ತು.

ಆಸ್ಟ್ರೇಲಿಯಾದ ಮೊನಾಶ್ ವಿಶ್ವವಿದ್ಯಾಲಯದವರು ಬೆಳೆಸಿದ, ಫ್ರಕ್ಟಾನ್‌ನಂಥ ಶರ್ಕರಪಿಷ್ಟಗಳನ್ನು ತಗ್ಗಿಸುವ ಲೋ ಫಾಡ್‌ಮ್ಯಾಪ್ ಪಥ್ಯದಲ್ಲೂ ಮರಳಿ ತರುವುದೇ ಮುಖ್ಯ. 2ರಿಂದ 6 ವಾರ ಈರುಳ್ಳಿ, ಬೆಳ್ಳುಳ್ಳಿ, ಗೋಧಿ, ಹಾಲು, ಹೆಚ್ಚಿನ ಬೇಳೆಕಾಳು ಬಿಟ್ಟು, ನಂತರ ಒಂದೊಂದನ್ನೇ ಸ್ವಲ್ಪಸ್ವಲ್ಪ ತಿಂದು ನೋಡಬೇಕು. ನಮ್ಮಲ್ಲಿ ಬಹಳ ಮಂದಿ ಮೊದಲರ್ಧಕ್ಕೇ ನಿಂತು, ವರ್ಷಗಟ್ಟಲೆ ಗಂಜಿ ಕುಡಿದು ಸೊರಗುತ್ತಾರೆ. ಆಮೇಲೆ ಸುಸ್ತು, ಸುಸ್ತು ಎನ್ನುತ್ತಾರೆ. ಸುಸ್ತಾಗದೆ ಇನ್ನೇನು!

ಆ ಸುಸ್ತು ಸೋಮಾರಿತನವಲ್ಲ, ಮನೆಯವರು ಇದನ್ನು ತಿಳಿಯಬೇಕು. ರಾತ್ರಿ ನಿದ್ದೆಗೆಟ್ಟರೆ ಮರುದಿನ ಹೊಟ್ಟೆಯೂ ಮುನಿಯುತ್ತದೆ. ಹೊತ್ತಿಗೆ ಸರಿಯಾಗಿ ಊಟ, ಸಂಜೆ ಒಂದಿಷ್ಟು ನಡಿಗೆ, ಮಲಗುವ ವೇಳೆ ತಪ್ಪಿಸದಿರುವುದು, ಇಷ್ಟರಿಂದಲೇ ನನಗೆ ಮಧ್ಯಾಹ್ನಗಳು ವಾಪಸ್ ಸಿಕ್ಕಿವೆ. ಆದರೆ ಮಲದಲ್ಲಿ ರಕ್ತ ಕಂಡರೆ, ತೂಕ ತಾನಾಗಿ ಇಳಿದರೆ, ರಕ್ತಹೀನತೆ ಇದ್ದರೆ ಪಥ್ಯ ಗಿಥ್ಯ ಆಮೇಲೆ. ಮೊದಲು ಡಾಕ್ಟರ ಹತ್ತಿರ ಹೋಗಿ.