ಸದಲಗದ ಪಂಡಿತರು ಮತ್ತು ನ್ಯಾಯಾಲಯದ ಪ್ರಶ್ನೆ

ಚಿಕ್ಕೋಡಿ ತಾಲ್ಲೂಕಿನ ಸದಲಗ ಎಂದೊಡನೆ ಶ್ರಾವಕರಿಗೆ ನೆನಪಾಗುವುದು ಆಚಾರ್ಯ ವಿದ್ಯಾಸಾಗರ ಮುನಿಮಹಾರಾಜರು. 1946ರಲ್ಲಿ ಹುಟ್ಟಿ, ಸದಲಗದಲ್ಲಿ ಬೆಳೆದ ಅವರು 2024ರ ಫೆಬ್ರುವರಿಯಲ್ಲಿ ಡೋಂಗರಗಢದಲ್ಲಿ ಸಲ್ಲೇಖನಪೂರ್ವಕವಾಗಿ ದೇಹತ್ಯಾಗ ಮಾಡಿದರು. ಅವರಿಗಿಂತ ನಲವತ್ತು ವರ್ಷ ಮೊದಲು, 1906ರಲ್ಲಿ, ಅದೇ ಊರಿನಲ್ಲಿ ಜನಿಸಿದವರು ಡಾ. ಆ. ನೇ. ಉಪಾಧ್ಯೆ. ಮೂರು ದಶಕ ಕೊಲ್ಹಾಪುರದ ರಾಜಾರಾಮ ಕಾಲೇಜಿನಲ್ಲಿ ಪಾಠ ಹೇಳಿದವರು. 1967ರಲ್ಲಿ ಶ್ರವಣಬೆಳಗೊಳದ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದವರು. ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳ ಬಸದಿಗಳಲ್ಲಿ ಅವರ ಹೆಸರೆತ್ತಿದರೆ ಹಿರಿಯರು ಅಭಿಮಾನದಿಂದ ತಲೆದೂಗುತ್ತಾರೆ. ಅವರನ್ನು ಓದಿದವರು ಮಾತ್ರ ವಿರಳ. ಪ್ರಾಕೃತ, ಸಂಸ್ಕೃತ ಮೂಲಗಳಿಗೆ ಅವರು ಬರೆದ ಪೀಠಿಕೆಗಳು ಇಂಗ್ಲಿಷಿನಲ್ಲಿವೆ.

ಓದದೆ ಉಳಿದುದರ ಬೆಲೆ ನನಗೆ ತಿಳಿದದ್ದು 2015ರಲ್ಲಿ. ಆ ವರ್ಷದ ಆಗಸ್ಟ್ 10ರಂದು ರಾಜಸ್ಥಾನದ ಉಚ್ಚ ನ್ಯಾಯಾಲಯವು ಸಲ್ಲೇಖನವನ್ನು ಆತ್ಮಹತ್ಯೆಯ ಕಲಮುಗಳಡಿ ಪರಿಗಣಿಸಬೇಕೆಂದಿತು. ಅದು ಧರ್ಮದ ಅತ್ಯಾವಶ್ಯಕ ಆಚರಣೆಯೆಂದು ಶಾಸ್ತ್ರಗ್ರಂಥಗಳಿಂದ ಕಂಡುಬರುವುದಿಲ್ಲ ಎಂಬುದು ತೀರ್ಪಿನ ಒಂದು ಆಧಾರ. ಆ ದಿನಗಳಲ್ಲಿ ನಮ್ಮ ಬಳಗದ ಹಿರಿಯ ಆಯಿಯೊಬ್ಬರು, "ತಮ್ಮಾ, ಸಮಾಧಿ ತಗೊಂಡ್ರ ಮನಿಗೆ ಪೊಲೀಸ್ರು ಬರ್ತಾರೇನು?" ಎಂದು ಕೇಳಿದರು. 31ರಂದು ಸರ್ವೋಚ್ಚ ನ್ಯಾಯಾಲಯ ತಡೆಯಾಜ್ಞೆ ನೀಡಿದ ಮೇಲೆಯೇ ನಾನು ಅವರಿಗೆ ಧೈರ್ಯವಾಗಿ ಉತ್ತರಿಸಿದ್ದು.

ಆಗ ನಾನು ಮತ್ತೆ ತೆರೆದದ್ದು ಉಪಾಧ್ಯೆಯವರು 1943ರಲ್ಲಿ ಸಂಪಾದಿಸಿದ ಹರಿಷೇಣನ ಬೃಹತ್ಕಥಾಕೋಶವನ್ನು. ಹತ್ತನೆಯ ಶತಮಾನದ ಆ ಸಂಸ್ಕೃತ ಕೃತಿಯಲ್ಲಿ 157 ಕಥೆಗಳಿವೆ. ಅವುಗಳ ಬೇರು ಶಿವಾರ್ಯನ ಭಗವತೀ ಆರಾಧನೆಯಲ್ಲಿದೆಯೆಂದು ಪೀಠಿಕೆ ಎಳೆಎಳೆಯಾಗಿ ತೋರಿಸುತ್ತದೆ. ನಮ್ಮ ವಡ್ಡಾರಾಧನೆಯ 19 ಕಥೆಗಳನ್ನೂ ಅದೇ ಪರಂಪರೆಯಲ್ಲಿಟ್ಟು ನೋಡುತ್ತದೆ. ಆರಾಧನೆಯ ಎರಡು ಸಾವಿರಕ್ಕೂ ಮಿಕ್ಕ ಗಾಹೆಗಳ ಮುಖ್ಯ ವಿಷಯವೇ ಮರಣವನ್ನು ಎದುರುಗೊಳ್ಳುವ ಕ್ರಮ. ಚಿಕಿತ್ಸೆಯಿಲ್ಲದ ವ್ಯಾಧಿ, ವ್ರತಪಾಲನೆಗೆ ಅಡ್ಡಿಯಾಗುವ ಮುಪ್ಪು, ದುರ್ಭಿಕ್ಷ ಮುಂತಾದವು ಒದಗಿದಾಗ ಮಾತ್ರ ಅದಕ್ಕೆ ಅವಕಾಶ. ಗುರುವಿನ ಮುಂದೆ ಆಲೋಚನೆ, ಸಂಘದೊಡನೆ ಕ್ಷಮಾಪಣೆ, ಹಂತಹಂತವಾಗಿ ಆಹಾರದ ತ್ಯಾಗ. ಒಬ್ಬ ಕ್ಷಪಕನ ಸೇವೆಗೆ 48 ಮಂದಿ ನಿರ್ಯಾಪಕರು! ಹತಾಶೆಯಿಂದ ಏಕಾಂತದಲ್ಲಿ ಸಾಯುವವನಿಗೆ ಇಷ್ಟು ಜನರ ಕಾವಲು ಎಲ್ಲಿಂದ ಬರಬೇಕು?

ಪಾಠಾಂತರಗಳ ನಡುವೆ ಕುಳಿತಿದ್ದ ಉಪಾಧ್ಯೆಯವರಿಗೆ ನ್ಯಾಯಾಲಯದ ಯೋಚನೆ ಇದ್ದಿರಲಾರದು. ಗ್ರಂಥವನ್ನು ಕಾನೂನಿನ ಭಾಷೆಯೊಡನೆ ಮುಖಾಮುಖಿಯಾಗಿಸಿದವರು ನ್ಯಾಯಮೂರ್ತಿ ಟಿ. ಕೆ. ತುಕೋಳರು. ಸಲ್ಲೇಖನ ಆತ್ಮಹತ್ಯೆಯಲ್ಲ ಎಂದು ವಾದಿಸುವ ಅವರ ಇಂಗ್ಲಿಷ್ ಪುಸ್ತಕ 1976ರಲ್ಲಿ ಅಹಮದಾಬಾದಿನಿಂದ ಹೊರಬಂತು. ಉದ್ದೇಶ, ಸಂದರ್ಭ, ವಿಧಾನ, ಪರಿಣಾಮ ಇವೆಲ್ಲವುಗಳಲ್ಲಿಯೂ ಎರಡೂ ಬೇರೆಯೆಂಬುದು ಅವರ ನಿಲುವು. ನನಗದು ಒಪ್ಪಿಗೆ.

ಆದರೂ ಅರ್ಜಿದಾರರ ಒಂದು ಶಂಕೆಯನ್ನು ನಾವು ಧರ್ಮದ್ರೋಹವೆಂದು ತಳ್ಳಿಹಾಕಬಾರದು. ಗಾಹೆಗಳು ಹೆಚ್ಚಾಗಿ ಮುನಿಗಳನ್ನು ಕುರಿತವು. ಸಮಂತಭದ್ರಾಚಾರ್ಯರ ರತ್ನಕರಂಡಕವು ಶ್ರಾವಕರ ಸಲ್ಲೇಖನವನ್ನೂ ಹೇಳುತ್ತದೆ, ನಿಜ. ಆದರೆ ಮನೆಯ ಮೂಲೆಯ ಕೋಣೆಯಲ್ಲಿರುವ ವೃದ್ಧೆಯ ಸಮ್ಮತಿಯನ್ನು ಪರೀಕ್ಷಿಸುವವರು ಯಾರು? ವ್ರತವನ್ನು ಬಿಡುತ್ತೇನೆಂದರೆ ಕೇಳುವವರು ಯಾರು? ಇದಕ್ಕೆ ಹಸ್ತಪ್ರತಿ ಉತ್ತರಿಸದು. ಊರೂರು ತಿರುಗುವ ಸಮಾಜಶಾಸ್ತ್ರಜ್ಞ ಬೇಕು.

ಶ್ರವಣಬೆಳಗೊಳದ ನಿಸಿದಿಗಳು ಏಳನೆಯ ಶತಮಾನದಿಂದಲೇ ವ್ರತಿಗಳ ಹೆಸರನ್ನೂ ಕೆಲವೆಡೆ ಉಪವಾಸದ ಅವಧಿಯನ್ನೂ ಕಲ್ಲಿನಲ್ಲಿ ದಾಖಲಿಸಿವೆ. ಅದರಿಂದಲೇ ಷ. ಶೆಟ್ಟರ್ ಅವರಂಥ ಇತಿಹಾಸಕಾರರಿಗೆ ಅಧ್ಯಯನ ಸಾಧ್ಯವಾಯಿತು. ನಮ್ಮ ತಾಲ್ಲೂಕುಗಳಲ್ಲಿ ಸಮಾಧಿಯ ಸುದ್ದಿ ಬ್ಯಾನರಿನಲ್ಲಿ ಮೂಡಿ ಮಳೆಗೆ ಹರಿದುಹೋಗುತ್ತದೆ. ಬಸದಿಗೊಂದು ವಹಿ ಸಾಕು: ವ್ರತಿಯ ಹೆಸರು, ವಯಸ್ಸು, ವ್ಯಾಧಿ, ವೈದ್ಯರ ಅಭಿಪ್ರಾಯ, ವ್ರತ ಕೊಟ್ಟವರು, ಜೊತೆಗಿದ್ದವರು, ಪ್ರತಿದಿನ ವ್ರತಿಯೇ ಆಡಿದ ಮಾತು.