ಜೀರಿಗೆ ನಕ್ಷತ್ರಗಳು

ಮಹಾವ್ಯಾಧನ ಸೊಂಟದಿಂದ ಕೆಳಗೆ ತೂಗುವ ನೀಹಾರಿಕೆಯ ಚಿತ್ರವನ್ನು, ಮೈಸೂರಿನ ನಮ್ಮ ತಾರಸಿಯ ಮೇಲೆ ಡಿಸೆಂಬರ್ ಚಳಿಯಲ್ಲಿ ಮಂಕಿ ಕ್ಯಾಪ್ ಹಾಕಿಕೊಂಡು, ಸೊಳ್ಳೆಗಳಿಗೆ ಯಥಾಶಕ್ತಿ ರಕ್ತದಾನ ಮಾಡುತ್ತಾ ತೆಗೆದು, ಬೆಳಗ್ಗೆ ಹೆಂಡತಿಗೆ ತೋರಿಸಿದೆ. ಒಗ್ಗರಣೆ ಸೌಟು ಹಿಡಿದೇ ಇಣುಕಿದವಳು “ಇದೇನ್ರೀ, ಜೀರಿಗೆ ಚೆಲ್ಲಿದ ಹಾಗಿದೆ” ಅಂದಳು. ವಿಮರ್ಶೆ ಅಂದರೆ ಹೀಗಿರಬೇಕು. ನಕ್ಷತ್ರಗಳೆಲ್ಲ ಉದ್ದುದ್ದ, ಸಾಲದ್ದಕ್ಕೆ ಒಂದೆರಡು ಚಿತ್ರಗಳಲ್ಲಿ ಕೊಕ್ಕೆಯಂಥ ಬಾಲ ಬೇರೆ.

ಆಕಾಶ ಸುಮ್ಮನೆ ನಿಲ್ಲುವ ಪೈಕಿಯಲ್ಲ, ನಿಮಗೆ ಗೊತ್ತೇ ಇದೆ. ಸೆಕೆಂಡಿಗೆ 15 ವಿಕಲೆಯಂತೆ, ಅಂದರೆ ಡಿಗ್ರಿಯನ್ನು 240 ಪಾಲು ಮಾಡಿದರೆ ಒಂದು ಪಾಲಿನಷ್ಟು, ಪಡುವಣಕ್ಕೆ ಜಾರುತ್ತಲೇ ಇರುತ್ತದೆ. ಅದರ ಬೆನ್ನಿಗೇ ದುರ್ಬೀನನ್ನು ತಿರುಗಿಸಲು ಸ್ಟ್ಯಾಂಡಿನ ಹೊಟ್ಟೆಯಲ್ಲೊಂದು ಮೋಟಾರು. ಅದರ ಅಕ್ಷ ಧ್ರುವದತ್ತ ಮುಖ ಮಾಡಿರಬೇಕು. ನಮ್ಮೂರಲ್ಲಿ ಧ್ರುವ ನಕ್ಷತ್ರವಿರುವುದು ದಿಗಂತದಿಂದ ಬರೀ 12 ಡಿಗ್ರಿ ಮೇಲೆ, ಕರಾರುವಾಕ್ಕಾಗಿ ಹೇಳುವುದಾದರೆ ಹಿಂದಿನ ಮನೆಯವರ ನೀರಿನ ಟ್ಯಾಂಕಿನ ಮರೆಯಲ್ಲಿ. ಉತ್ತಾನಪಾದರಾಜನ ಮಗ ತಪಸ್ಸು ಮಾಡಿ ಪಡೆದ ಅಚಲ ಪದವಿಗೆ ಪ್ಲಾಸ್ಟಿಕ್ ಟ್ಯಾಂಕು ಅಡ್ಡ!

ಮೊದಲು ಬಾಲದ ವಿಚಾರ. ಮಬ್ಬು ನಕ್ಷತ್ರಗಳಿಗೆ ಅದಿಲ್ಲ, ಪ್ರಕಾಶಮಾನವಾದವಕ್ಕೆ ಮಾತ್ರ. ಅಂದರೆ ಅಲುಗಾಟ ಕ್ಷಣಿಕ. ಅಷ್ಟರೊಳಗೆ ಗೀಟು ಎಳೆಯುವ ತಾಕತ್ತು ದೊಡ್ಡವರಿಗಷ್ಟೇ. ನಾನು ಗಾಳಿಯನ್ನು ಬೈದೆ, ಬೀದಿಯ ಲಾರಿಯನ್ನು ಬೈದೆ, ಕೆಳಮನೆಯ ನೀರಿನ ಮೋಟಾರನ್ನೂ ಬಿಡಲಿಲ್ಲ. ಆಮೇಲೆ ನೋಡಿದರೆ ಬಾಲ ಬಂದಿರುವುದು ಗಂಟೆಗೊಂದು ಚಿತ್ರದಲ್ಲಿ. ಗಂಟೆಗೊಂದು ಸಲ ತಾರಸಿಯ ಮೇಲೆ ಧಡಧಡ ನಡೆಯುವ ಪ್ರಾಣಿ ನಾನೇ, ಫ್ಲಾಸ್ಕಿನ ಕಾಫಿಗೆ.

ಉದ್ದದ ಕಥೆ ಬೇರೆ. 20 ಸೆಕೆಂಡಿನ ಚಿತ್ರದಲ್ಲಿ ಎಲ್ಲವೂ ದುಂಡು. ಮೂರು ನಿಮಿಷದವುಗಳಲ್ಲಿ, ಅದೂ ಕೆಲವದರಲ್ಲಿ ಮಾತ್ರ, ಪೂರ್ವ-ಪಶ್ಚಿಮವಾಗಿ ಹಿಗ್ಗಿವೆ. ಇಲ್ಲಿ ನಮ್ಮಜ್ಜಿಯನ್ನು ಕರೆತರದೆ ಬೇರೆ ದಾರಿಯಿಲ್ಲ. ಬೆಳಗಿನ ಜಾವ ಅಮ್ಮ ಮೊಣಕೈವರೆಗೆ ಹಿಟ್ಟು ಮೆತ್ತಿಕೊಂಡು ರಾಗಿ ಬೀಸುತ್ತಿದ್ದರೆ, ಅಜ್ಜಿ ಕಂಬಳಿಯೊಳಗಿಂದಲೇ “ಸುತ್ತಿಗೊಂದ್ ಕಿತ ಕಟಕ್ ಅಂತದೆ ಕಣವ್ವ, ಗೂಟ ಸವ್ದದೆ” ಅನ್ನುತ್ತಿದ್ದಳು. ಕಲ್ಲೆತ್ತಿ ನೋಡಿದರೆ ಗೂಟ ಸವೆದೇ ಇರುತ್ತಿತ್ತು.

ಅಜ್ಜಿಯ ಶಾಸ್ತ್ರವನ್ನೇ ನೆಚ್ಚಿ, ಅಕ್ಷವನ್ನು ಬೇಕೆಂದೇ ಕೊಂಚ ಓರೆ ಮಾಡಿ, ಅರ್ಧ ಗಂಟೆ ಸಣ್ಣ ಸಣ್ಣ ಚಿತ್ರ ತೆಗೆದು ಒಂದರ ಮೇಲೊಂದು ಪೇರಿಸಿದೆ. ದಕ್ಷಿಣಕ್ಕೆ ಜಾರಿದ ನಕ್ಷತ್ರ ಹಾವಿನಂತೆ ಬಳುಕಿತ್ತು, ಎಂಟೆಂಟು ನಿಮಿಷಕ್ಕೊಂದು ಬಳುಕು. ಸ್ಟ್ಯಾಂಡಿನೊಳಗಿರುವುದು 180 ಹಲ್ಲಿನ ಚಕ್ರ. ಅದನ್ನು ನೂಕುವ ತಿರುಪು ಒಂದು ಸುತ್ತು ಬಂದರೆ ಒಂದು ಹಲ್ಲು ಮುಂದಕ್ಕೆ. ನಕ್ಷತ್ರಗಳ ದಿನವಾದ 23 ಗಂಟೆ 56 ನಿಮಿಷವನ್ನು 180ರಿಂದ ಭಾಗಿಸಿ: ಸರಿಸುಮಾರು ಎಂಟು ನಿಮಿಷ. ಗೂಟ ಸಿಕ್ಕಿತು!

ಬಿಚ್ಚಿ, ಗಟ್ಟಿಯಾಗಿದ್ದ ಗ್ರೀಸನ್ನು ಸೀಮೆಎಣ್ಣೆಯಲ್ಲಿ ತೊಳೆದು, ಹೊಸದು ಹಚ್ಚಿ, ಹಲ್ಲಿಗೂ ತಿರುಪಿಗೂ ನಡುವಿನ ಸಡಿಲ ತೆಗೆದು ಜೋಡಿಸುವಾಗ ಒಂದು ಸ್ಕ್ರೂ ಉಳಿಯಿತು. ಇರಲಿ. ಮುಂದಿನ ಚಿತ್ರ ನೋಡಿ ಹೆಂಡತಿ “ಹೂಂ, ಈಗ ಸಾಸಿವೆ” ಎಂದು ಒಪ್ಪಿದಳು. ಒಲೆಯ ಕಡೆ ತಿರುಗಿದವಳು ಮತ್ತೆ ಬಗ್ಗಿ, “ನಾಲ್ಕು ಮೂಲೇಲಿ ಮಾತ್ರ ಜೀರಿಗೆ ಹಾಗೇ ಇದೆಯಲ್ರೀ?” ಅಂದಳು. ನಡುವೆ ದುಂಡಗಿದ್ದು ಮೂಲೆಯಲ್ಲಿ ಹಿಗ್ಗಿದರೆ ಅದು ಚಕ್ರದ ದೋಷವಲ್ಲ, ಮಸೂರದ್ದು ಎಂದು ಗಂಭೀರವಾಗಿ ವಿವರಿಸಿದೆ. ಆ ಸ್ಕ್ರೂವಿನದೂ ಇರಬಹುದು.